ಅಜ್ಜಿಯ ಕಾಲಂ ಖಾಲಿ ಬಿಡಬೇಡ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕ್ಷೇಮವಾಗಿ ಊರು ಸೇರಿದೆ. ಹೊರಡುವ ಹಿಂದಿನ ರಾತ್ರಿಯ ಜಗಳ ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯಲ್ಲ. ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಹುಟ್ಟೋ ಮಗುವಿಗೆ ವಂಶವೃಕ್ಷ ಬರೆಯುತ್ತಾ, 'ನಮ್ಮ ಕಡೆ ದಾಖಲೆ ಏನೂ ಇಲ್ಲ, ಖಾಲಿ ಬಿಡ್ತೀನಿ' ಅಂದೆಯಲ್ಲ, ಅದು. ಪಹಣಿ ಬರೆದೇ ಸಂಸಾರ ಸಾಕಿದ ಗ್ರಾಮ ಲೆಕ್ಕಿಗನ ಮಗಳು ಹೇಳೋ ಮಾತಾ?

ಅಮೆರಿಕದ ನಿಮ್ಮೂರು ಡೆಕೋರಾದಲ್ಲಿ ಅಳಿಯಂದಿರ ಜೊತೆ ಸ್ಮಶಾನ ಸುತ್ತಿದ್ದು ನನಗೆ ಖುಷಿಯೇ ಆಯಿತು. ನಾರ್ವೆಯಿಂದ ಬಂದ ಅವರ ಹಿರಿಯರಿಗೂ ಮೊದಲು ಮನೆತನದ ಹೆಸರು ಇರಲಿಲ್ಲವಂತೆ. ಓಲೆಯ ಮಗ ಓಲ್ಸೆನ್, ಮಗಳು ಓಲ್ಸ್‌ಡಾಟರ್, ಜೊತೆಗೆ ಇದ್ದ ಜಮೀನಿನ ಹೆಸರು. ಜಮೀನು ಬದಲಾದರೆ ಹೆಸರೂ ಬದಲು. ಎಲ್ಲರೂ ಒಂದು ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅನ್ನೋ ಕಾನೂನು ನಾರ್ವೆಯಲ್ಲಿ ಬಂದದ್ದೇ 1923ರಲ್ಲಿ. ಮದುವೆಯಾದರೂ ಹೆಣ್ಣುಮಗಳು ಅಪ್ಪನ ಹೆಸರು ಬಿಡುತ್ತಿರಲಿಲ್ಲ. ಅಮೆರಿಕದಲ್ಲಿ ಅದು ಹೋಯಿತು. ಅಳಿಯಂದಿರ ಮುತ್ತಜ್ಜಿಯ ಕಲ್ಲಿನ ಮೇಲೆ 'ಇಂಥವರ ಹೆಂಡತಿ' ಅಂತಷ್ಟೇ ಇದೆ, ನೋಡಿದೆಯಲ್ಲ. ತವರಿನ ಹೆಸರು ಸಿಕ್ಕಿದ್ದು 1925ರ ಐಯೊವಾ ರಾಜ್ಯದ ಜನಗಣತಿಯಲ್ಲಿ, ಅವರ ಮಗನ ಸಾಲಿನಲ್ಲಿ. ತಾಯಿಯ ತವರಿನ ಹೆಸರಿಗೆ ಅಲ್ಲಿ ಒಂದು ಕಾಲಂ! ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಪಹಣಿಯಲ್ಲಿ ಗಂಡಸರಿಗೆ ಬಿನ್, ಅಂದರೆ ಇಂಥವರ ಮಗ; ಹೆಂಗಸರಿಗೆ ಕೋಂ, ಅಂದರೆ ಇಂಥವರ ಹೆಂಡತಿ. ನಮ್ಮವ್ವ 'ಗೌರಮ್ಮ ಕೋಂ' ನಮ್ಮಪ್ಪ. ಆ ಗೌರಮ್ಮ ಅನ್ನೋದೂ ಮದುವೆಯಲ್ಲಿ ಇಟ್ಟ ಹೆಸರು.

ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಹೆಳವ ಬರುತ್ತಿದ್ದ. ಜಗಲಿಯ ಮೇಲೆ ಕೂತು ನಮ್ಮ ವಂಶ ಹೇಳುತ್ತಿದ್ದ. ಯಾರು ಎಲ್ಲಿಂದ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾವ ಬರದಲ್ಲಿ ಯಾರು ಊರು ಬಿಟ್ಟರು, ಎಲ್ಲ. ಅವ್ವ ಮೊರದ ತುಂಬ ರಾಗಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ಸಲ ಅವಳ ಹೆಸರು ಬರುತ್ತೆ ಅಂತ ಕಾದೆ. ಅಜ್ಜ ಬಂದ, ಅಪ್ಪ ಬಂದ, ಪಿಳ್ಳೆಯಂಥ ನಾನೂ ಬಂದೆ. ಅವಳು ಬರಲಿಲ್ಲ. ಕೇಳಿದ್ದಕ್ಕೆ ದೊಡ್ಡವರೆಲ್ಲ ನಕ್ಕರು. ಅವ್ವನೂ ನಕ್ಕಳು. ನಕ್ಕು ರಾಗಿ ಸುರಿದಳು. ಆ ನಗು ಎಂಥದ್ದು ಅಂತ ಈ ವಯಸ್ಸಲ್ಲೂ ಯೋಚನೆ ಮಾಡ್ತೀನಿ. ಅವತ್ತು ರಾತ್ರಿ 'ನಿನ್ನ ಮೊದಲಿನ ಹೆಸರೇನವ್ವಾ' ಅಂದೆ. 'ಈಗ ಯಾಕಪ್ಪಾ' ಅಂದಳು. ಅಷ್ಟೇ.

ಹಾಗಾಗಿ 'ಏನೂ ಇಲ್ಲ' ಅನ್ನಬೇಡ. ದಾಖಲೆಯಲ್ಲಿ ಮೊದಲ ಹೆಸರು ಯಾರದ್ದೋ ಅವರೇ ಮೊದಲ ಜನ ಅಲ್ಲ. ನಿಮ್ಮೂರನ್ನೇ ನೋಡು. ಡೆಕೋರಾ ಅನ್ನೋದು ಅಮೆರಿಕದ ಮೂಲನಿವಾಸಿಗಳಾದ ಹೋ-ಚಂಕ್ ಜನರ ನಾಯಕ ವಾಕನ್ ಡೆಕೋರಾನ ಹೆಸರು. ಆ ಜನರನ್ನು 1848ರಲ್ಲಿ ಮಿನ್ನೆಸೋಟಾ ಕಡೆಗೆ ಸಾಗಹಾಕಿದರು. ಮರುವರ್ಷ ಡೇ ಅನ್ನೋ ಬಿಳಿಯರ ಕುಟುಂಬ ಬಂತು, 1850ರಲ್ಲಿ ನಾರ್ವೆಯವರು. ಮಗುವಿಗೆ ಊರಿನ ಕಥೆ ಹೇಳುವಾಗ ಇದನ್ನೂ ಸೇರಿಸು. ಅಳಿಯಂದಿರು ಬೇಜಾರು ಮಾಡಿಕೊಳ್ಳಲ್ಲ, ಒಳ್ಳೆ ಮನುಷ್ಯ. ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೀಬೇಡ. ಫೋಟೋ ಹಿಂದೆ ಇಸವಿ ಹಾಕು. ಉಪದೇಶ ಜಾಸ್ತಿ ಆಯ್ತು, ಗೊತ್ತು.

ನೀನು ಅವರ ಮನೆತನದ ಹೆಸರು ಸೇರಿಸಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. (ಇದೆ, ಸ್ವಲ್ಪ.) ಅವತ್ತು ದನಿ ಏರಿಸಿದ್ದಕ್ಕೆ ಬೇಜಾರಿದೆ. ಬಸುರಿ ಹೆಂಗಸಿನ ಎದುರು ಹಾಗೆ ಕೂಗಬಾರದಿತ್ತು. ಆದರೆ ಕಲ್ಲುಗಳ ಮೇಲಿನ ಪಾಚಿ ಒರೆಸಿ ಒಂದೊಂದೇ ಅಕ್ಷರ ಓದುತ್ತಿದ್ದೆಯಲ್ಲ, ಆಗ ನನಗೆ ಎಷ್ಟು ಹೆಮ್ಮೆ ಆಯಿತು ಅಂತ ಹೇಳದೆಯೇ ಬಂದೆ.

ಅವ್ವನ ಮೊದಲಿನ ಹೆಸರು ಗೊತ್ತಿದ್ದರೆ ಹೊಸದುರ್ಗದ ನಿನ್ನ ದೊಡ್ಡತ್ತೆಗೆ ಮಾತ್ರ. ಅವಳಿಗೆ ಈಗ ಕಿವಿ ಸರಿ ಕೇಳಲ್ಲ, ನೆನಪೂ ಕೈ ಕೊಡ್ತಿದೆ. ನಾನು ಕೇಳಿದರೆ ಬೈತಾಳೆ, ನಿನಗೆ ಹೇಳ್ತಾಳೆ. ಬೆಳಗ್ಗೆ ತಿಂಡಿ ಆದಮೇಲೆ ಫೋನ್ ಮಾಡು, ಮಧ್ಯಾಹ್ನ ಮಲಗಿರ್ತಾಳೆ. ಈ ವಾರವೇ ಮಾಡು.

ಇಂತಿ,
ಅಪ್ಪ