ಸಿಎಂಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್): ರಿಪೋರ್ಟಿನಲ್ಲಿ ಅಂಕಿ ಏರಿದರೆ

ಮಂಗಳೂರು-ಉಡುಪಿ ಗುಂಪಿನ ಎಲ್ಲರ ಗಮನಕ್ಕೆ,

ಬಿಸಿಆರ್-ಎಬಿಎಲ್ (ಈ ಕ್ಯಾನ್ಸರ್ ತರುವ ವಂಶವಾಹಿ) ಪ್ರಮಾಣ ಒಮ್ಮೆ ಸ್ವಲ್ಪ ಏರಿದ ಕೂಡಲೇ ಮದ್ದಿಗೆ ರೋಗ ಬಗ್ಗುತ್ತಿಲ್ಲ ಎಂದು ಹೆದರಬೇಡಿ. ಲ್ಯಾಬ್ ಬದಲಾದರೂ ಅಂಕಿ ಆಚೀಚೆ ಆಗುತ್ತದೆ. ಕುಂದಾಪುರ, ಕಾರ್ಕಳದಿಂದ ಬರುವವರೂ ದಯವಿಟ್ಟು ಒಂದೇ ಲ್ಯಾಬಿನಲ್ಲಿ, ಬೇರೆ ಬೇರೆ ಲ್ಯಾಬಿನ ಅಂಕಿ ಹೋಲಿಸಲು ಬರುವ ಅಂತರರಾಷ್ಟ್ರೀಯ ಮಾಪಕದಲ್ಲೇ ಪರೀಕ್ಷೆ ಮಾಡಿಸಿ. ಸಾಮಾನ್ಯ ಗುರಿ: ಮದ್ದು ಶುರುವಾಗಿ 3 ತಿಂಗಳಿಗೆ ಶೇ. 10, 6 ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 0.1 ಅಥವಾ ಅದಕ್ಕಿಂತ ಕಡಿಮೆ.

ಗುರಿ ತಪ್ಪಿದರೆ ಮೊದಲು ಲೆಕ್ಕ ಹಾಕಬೇಕಾದದ್ದು ಬಿಟ್ಟುಹೋದ ಗುಳಿಗೆಗಳನ್ನು. ತಿಂಗಳಿಗೆ ಮೂರ್ನಾಲ್ಕು ದಿನ ತಪ್ಪಿದರೂ ಪರಿಣಾಮ ಕುಗ್ಗುತ್ತದೆ. ಡಾಕ್ಟರರ ಹತ್ತಿರ ಇದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಡದ ಮದ್ದು ಬದಲಾವಣೆಗೆ ದಾರಿ. ಸಿಎಂಎಲ್ ಮದ್ದುಗಳಲ್ಲಿ ಇಮ್ಯಾಟಿನಿಬ್ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಏಕಾದಶಿಯಂದೂ ಬಿಡಬೇಡಿ, ಫಲಾಹಾರದ ಜೊತೆ ನುಂಗಿ. ನೈಲೋಟಿನಿಬ್ ಕ್ಯಾಪ್ಸೂಲ್ ಇದಕ್ಕೆ ಉಲ್ಟಾ: ಮೊದಲು 2 ಗಂಟೆ, ನಂತರ 1 ಗಂಟೆ ಏನೂ ತಿನ್ನಬಾರದು. ಡಸಾಟಿನಿಬ್ ತೆಗೆದುಕೊಳ್ಳುವವರು ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್ ಅನ್ನು ತಾವಾಗಿ ತಿನ್ನಬೇಡಿ, ಡಸಾಟಿನಿಬ್ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕ್ಷಯದ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಇವು ಇಮ್ಯಾಟಿನಿಬ್ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತವೆ. ಚಕ್ಕೋತ ಬೇಡ, ಅದು ಮಟ್ಟ ಏರಿಸಬಹುದು.

ಇದೆಲ್ಲ ಸರಿಯಿದ್ದೂ ಅಂಕಿ ಏರುತ್ತಿದ್ದರೆ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಎಬಿಎಲ್ ಮ್ಯುಟೇಶನ್ (ಆ ವಂಶವಾಹಿಯಲ್ಲಿ ಆದ ಬದಲಾವಣೆ) ಪರೀಕ್ಷೆಯ ಬಗ್ಗೆ ಕೇಳಿ. ಮ್ಯುಟೇಶನ್ ಆಗಿದ್ದರೆ ಮದ್ದು ಹೋಗಿ ಕೂರುವ ಜಾಗದ ಆಕಾರವೇ ಬದಲಾಗಿರಬಹುದು. ಟಿ315ಐ ಎಂಬ ಮ್ಯುಟೇಶನ್ ಬಂದರೆ ಇಮ್ಯಾಟಿನಿಬ್, ಡಸಾಟಿನಿಬ್, ನೈಲೋಟಿನಿಬ್ ಮೂರೂ ನಾಟುವುದಿಲ್ಲ. ಪೊನಾಟಿನಿಬ್ ಅಥವಾ ಆಸಿಮಿನಿಬ್ ಬೇಕಾಗುತ್ತದೆ. ಡೋಸ್ ಏರಿಸುವುದು, ನಿಲ್ಲಿಸುವುದು ಡಾಕ್ಟರರನ್ನು ಕೇಳಿಯೇ.