ಭಾನುವಾರ ಮಧ್ಯಾಹ್ನ ನೆರವಾದ ಹಿರಿಯರಿಗೆ

ಕಳೆದ ಭಾನುವಾರ ಮಧ್ಯಾಹ್ನ ಬೆಂಗಳೂರಿನ ಬಸವನಗುಡಿಯ ಸಭಾಂಗಣವೊಂದರಲ್ಲಿ ನಡೆದ ನಮ್ಮ ತಂಡದ ಮೊದಲ ಆಲ್ಬಂ ಬಿಡುಗಡೆಗೆ ಬಂದು, ಕಷ್ಟದಲ್ಲಿ ಕೈಹಿಡಿದು, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತಿದ್ದೇವೆ.

ಘಟಕ್ಕೂ ತಂಬೂರಿಯ ಬುರುಡೆಗೂ ಅಂಟಿಸಿದ, ವಾದ್ಯದ ಮೈಯ ಕಂಪನವನ್ನೇ ಗ್ರಹಿಸುವ ಪೀಜೋ ಮೈಕುಗಳು ಹಿಡಿಯುವ, ಉಸಿರಿನಷ್ಟು ಸಣ್ಣ ನಾದಗಳೇ ನಮ್ಮ ಸಂಗೀತದ ಜೀವಾಳ. ಲ್ಯಾಪ್‌ಟಾಪನ್ನು ಮಿಕ್ಸರಿಗೆ ಜೋಡಿಸಿದೊಡನೆ ಸ್ಪೀಕರುಗಳಲ್ಲಿ ಎದ್ದ 50 ಹರ್ಟ್ಸ್‌ನ ಗುಂಯ್‌ ಸದ್ದು ಅವನ್ನೆಲ್ಲ ನುಂಗಿಹಾಕಿತ್ತು. ಚಾರ್ಜರಿನ ಅರ್ತ್ ಪಿನ್ನನ್ನೇ ತೆಗೆದುಬಿಡೋಣವೆಂದು ಯಾರೋ ಹೇಳಿದಾಗ, ಮುಂದಿನ ಸಾಲಿನಲ್ಲಿದ್ದ ತಾವು ಎದ್ದು ಬಂದು, "ಅದು ಪ್ರಾಣ ಕಾಯುವ ತಂತಿ, ಮುಟ್ಟಬೇಡಿ" ಎಂದು ತಡೆದಿರಿ. ವೇದಿಕೆಗೊಂದು, ಮಿಕ್ಸರಿಗೊಂದು ಎಂದು ಬೇರೆ ಬೇರೆ ಕಡೆಯಿಂದ ಎಳೆದಿದ್ದ ವಿದ್ಯುತ್ತನ್ನು ಒಂದೇ ಬೋರ್ಡಿಗೆ ತಂದು, ಮೂಲೆಯಲ್ಲಿ ಬಿದ್ದಿದ್ದ ಡಿಐ ಬಾಕ್ಸನ್ನು (ಸದ್ದಿನ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡಿ ಕಳಿಸುವ ಪುಟ್ಟ ಪೆಟ್ಟಿಗೆಯನ್ನು) ಲ್ಯಾಪ್‌ಟಾಪಿಗೆ ಜೋಡಿಸಿ, ಆಡಿಯೋ ತಂತಿಯ ಅರ್ತ್ ಸಂಪರ್ಕವನ್ನಷ್ಟೇ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಒತ್ತಿದಿರಿ. ಸದ್ದು ಥಟ್ಟನೆ ನಿಂತಿತು. ದೋಷ ಯಾವ ಉಪಕರಣದ್ದೂ ಅಲ್ಲ, ಎರಡು ಅರ್ತ್‌ಗಳ ನಡುವೆ ಹರಿಯುವ ಸಣ್ಣ ಪ್ರವಾಹದ್ದು ಎಂಬುದನ್ನೂ ತಾಳ್ಮೆಯಿಂದ ತಿಳಿಸಿಕೊಟ್ಟಿರಿ. ಪ್ರಯೋಗಶೀಲ ಸಂಗೀತವೆಂದರೆ ಬರೀ ಗದ್ದಲವೆಂದು ಭಾವಿಸುವವರೇ ಹೆಚ್ಚಿರುವಾಗ, ನಮ್ಮ ಸಣ್ಣ ದನಿಗಳು ಕೇಳಿಸಲೇಬೇಕೆಂದು ತಾವು ಪಟ್ಟ ಶ್ರಮ ನಮಗೆ ಬಹಳ ದೊಡ್ಡದು.

ಆಲ್ಬಮ್ಮಿನ ಒಂದು ಪ್ರತಿಯನ್ನು ತಮಗಾಗಿ ತೆಗೆದಿರಿಸಿದ್ದೇವೆ. ಮುಂದಿನ ಕಾರ್ಯಕ್ರಮಕ್ಕೆ ಬಂದು ದಯವಿಟ್ಟು ಸ್ವೀಕರಿಸಬೇಕು.