ರ‍್ಯಾಪ್ ಶುರು ಮಾಡಿದ ಪುಟ್ಟನಿಗೆ

ಪ್ರೀತಿಯ ಪುಟ್ಟನಿಗೆ ಮಾಮನ ಆಶೀರ್ವಾದಗಳು.

ನೀನು ಕಳಿಸಿದ ರ‍್ಯಾಪ್ ಕೇಳಿದೆ. ಪ್ರಾಸ ಚೆನ್ನಾಗಿ ಕೂಡಿಸಿದ್ದೀಯ, ಉಸಿರು ಎಲ್ಲೂ ತಪ್ಪಿಲ್ಲ. ಆದರೆ ಅದರಲ್ಲಿ ಬರುವ ಗನ್ನು, ಚಿನ್ನದ ಸರ, ದೊಡ್ಡ ಕಾರು ಯಾವುದೂ ನಿನ್ನದಲ್ಲ ಅಲ್ವಾ? ಅದಕ್ಕೇ ಈ ಕಾಗದ.

ನಿನ್ನ ರ‍್ಯಾಪ್ ಸೇರಿರುವ ಹಿಪ್ ಹಾಪ್ ಬಳಗ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ. ಎಕ್ಸ್‌ಪ್ರೆಸ್‌ವೇ ಹಾಕಲು ಅಲ್ಲಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದ್ದರು. ವಿಮೆ ದುಡ್ಡಿನ ಆಸೆಗೆ ಎಷ್ಟೋ ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಹಾಕಿಸಿದರು. ಹುಡುಗರ ಗ್ಯಾಂಗುಗಳು ಬಡಿದಾಡುತ್ತಿದ್ದವು. 1971ರಲ್ಲಿ ಜಗಳ ಬಿಡಿಸಲು ಹೋದ ಬ್ಲ್ಯಾಕ್ ಬೆಂಜಿಯನ್ನು ಹೊಡೆದು ಕೊಂದರು. ಅವನ ಗ್ಯಾಂಗು ಘೆಟ್ಟೋ ಬ್ರದರ್ಸ್ ಸೇಡಿಗೆ ಇಳಿಯಲಿಲ್ಲ. ಉಳಿದ ಗ್ಯಾಂಗುಗಳನ್ನೆಲ್ಲ ಕರೆದು ಕೂರಿಸಿ ರಾಜಿ ಮಾಡಿಕೊಂಡಿತು. ಇದನ್ನು ನೀನು ಮರೆಯಬಾರದು. ಒಬ್ಬರ ಬೀದಿಗೆ ಇನ್ನೊಬ್ಬರು ಪಾರ್ಟಿಗೆ ಹೋಗುವಂಥ ಕಾಲ ಬಂದದ್ದು ಆಮೇಲೆ.

1973ರ ಆಗಸ್ಟ್ 11ರಂದು, 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದ್ದು ಅವಳಣ್ಣ, ಜಮೈಕಾದಲ್ಲಿ ಹುಟ್ಟಿದ ಕೂಲ್ ಹರ್ಕ್. ಹಾಡು ನಿಂತು ಬರೀ ಡ್ರಮ್ ಉಳಿಯುವ ಕಡೆ ಜನ ಜಾಸ್ತಿ ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಇಲ್ಲಿ ಆ ತುಂಡು ಮುಗಿಯುತ್ತಿದ್ದಂತೆ ಅಲ್ಲಿ ಶುರು ಮಾಡಿ, ಅದನ್ನು ಬೇಕಾದಷ್ಟು ಎಳೆದ. ಬ್ರೇಕ್ ಅನ್ನುವ ಆ ಡ್ರಮ್ ತುಂಡಿಗೆ ಕುಣಿದವರು ಬಿ-ಬಾಯ್, ಬಿ-ಗರ್ಲ್‌ಗಳು. ಮೈಕ್ ಹಿಡಿದು ಅವರನ್ನು ಹುರಿದುಂಬಿಸಿದವರು ಎಂಸಿಗಳು. ನಿನ್ನ ರ‍್ಯಾಪ್ ಬೆಳೆದದ್ದು ಆ ಹುರಿದುಂಬಿಸುವ ಮಾತಿನಿಂದ. ಮೊದಲು ಕುಣಿಯುವವರು, ಆಮೇಲೆ ಮಾತಾಡುವವನು. ರೈಲಿನ ಮೈಮೇಲೆ ಹೆಸರು ಬರೆದ ಗ್ರಾಫಿಟಿ ಹುಡುಗರೂ ಇದೇ ಬಳಗಕ್ಕೆ ಸೇರಿಕೊಂಡರು.

ಈ ಬಳಗದಲ್ಲಿ ಬಡತನ ನಾಚಿಕೆಯಲ್ಲ, ಕದಿಯುವುದು ನಾಚಿಕೆ. ಬ್ರೇಕಿಂಗ್ ಅನ್ನುವ ಆ ಕುಣಿತದ ಪೈಪೋಟಿಯಲ್ಲಿ ಯಾರಾದರೂ ಇನ್ನೊಬ್ಬರ ಪಟ್ಟು ಕದ್ದರೆ ಎದುರಾಳಿ ಎರಡೂ ತೋಳುಗಳನ್ನು ಮೊಸಳೆ ಬಾಯಿಯ ಥರ ತೆರೆದು ಫಟ್ ಅಂತ ಮುಚ್ಚಿ ತೋರಿಸುತ್ತಾನೆ. ಎಲ್ಲರಿಗೂ ಅರ್ಥವಾಗುತ್ತದೆ.

ಕಬ್ಬನ್ ಪಾರ್ಕಿನಲ್ಲಿ ಹುಡುಗರು ಸೈಫರ್ ಹಾಕುತ್ತಾರೆ, ಅಂದರೆ ಸುತ್ತ ನಿಂತು ಸರದಿಯಂತೆ ರ‍್ಯಾಪ್ ಹೇಳುತ್ತಾರೆ, ಹೋಗು. ವಿಡಿಯೋ ಮಾಡಬೇಡ, ಸುಮ್ನೆ ನಿಂತು ಕೇಳು. ಬೇರೆಯವರು ಚೆನ್ನಾಗಿ ಹೇಳಿದಾಗ ಮನಸಾರೆ ಕೂಗು. ನಿನ್ನ ಸರದಿ ಬಂದರೆ ನಿಮ್ಮ ಬೀದಿಯ ನೀರಿನ ಟ್ಯಾಂಕರ್ ಬಗ್ಗೆ ಹೇಳು, ಅಪ್ಪನ ನೈಟ್ ಶಿಫ್ಟ್ ಬಗ್ಗೆ ಹೇಳು. ಬರೆದದ್ದನ್ನು ನನಗೂ ಕಳಿಸು. ಅಮ್ಮನಿಗೆ ಹೇಳಿಯೇ ಹೊರಡು.

ನಿನ್ನ ಮಾಮ